ನಾಲಗೆಯ ಹಿಂಸೆ

ಕೈಯಿಂದಾದ ಹಿಂಸೆಯನ್ನು ಪಾಪವೆಂದು ಬಗೆಯುವ ನಾವು ನಾಲಗೆಯಿಂದಾದುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1871ರಲ್ಲಿ ಆಂಗ್ಲ ಸರಕಾರವು ಶಾಸನವೊಂದನ್ನು ಮಾಡಿ, ಕುಲಕ್ಕೆ ಕುಲವನ್ನೇ ‘ಅಪರಾಧಿ ಬುಡಕಟ್ಟು’ ಎಂದು ಹೆಸರಿಸತೊಡಗಿತು. ತೊಟ್ಟಿಲ ಕೂಸೂ ಆ ಒಂದು ಮಾತಿನಿಂದಲೇ ಕಳ್ಳನೆನಿಸಿತು. ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ಕೂಡಿಹಾಕಿದ ಸೆಟ್ಲಮೆಂಟುಗಳಿದ್ದವು. ಸ್ವತಂತ್ರ ಭಾರತವು 1952ರಲ್ಲಿ ಆ ಕಟ್ಟಳೆಯನ್ನು ರದ್ದುಗೊಳಿಸಿತು. ಆದರೆ ಆ ಕುಲಗಳ ಹೆಸರುಗಳು ಎಷ್ಟೋ ಮನೆಗಳಲ್ಲಿ ಬೈಗುಳಗಳಾಗಿಯೇ ಉಳಿದಿವೆ.

ಹನ್ನೆರಡನೆಯ ಶತಮಾನದ ಶರಣರು ಲೋಕವು ಹೀನವೆಂದ ಕುಲನಾಮದೊಡನೆಯೇ ‘ಅಯ್ಯ’ ಎಂಬ ಗೌರವವನ್ನು ಕೂಡಿಸಿ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ಕರೆದರು. ಕುಲದ ಹೆಸರು ಅದೇ. ಕರೆಯುವ ಮನಸ್ಸು ಬೇರೆ. ಕಡತದಲ್ಲಿದ್ದ ಮಾತನ್ನು ಸರಕಾರವು ಅಳಿಸಬಲ್ಲುದು. ನಾಲಗೆಯ ಮೇಲಿನದನ್ನು ಅಳಿಸಬೇಕಾದವರು ಗೃಹಸ್ಥರಾದ ನಾವೇ. ಮಕ್ಕಳು ಮೊದಲು ಕಲಿಯುವುದು ನಮ್ಮ ಮಾತನ್ನೇ ಅಲ್ಲವೆ?