ರುಚಿಗೂ ಗುರುವುಂಟು

ಗೃಹಸ್ಥರು ಮಠಕ್ಕೆ ಬಂದು ತಮ್ಮ ಸುಖದುಃಖಗಳನ್ನು ನಿವೇದಿಸಿಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಬೆಳೆ ಕೈಕೊಟ್ಟದ್ದು, ಮಗನಿಗೆ ನೌಕರಿ ದೊರೆಯದಿರುವುದು, ಮಗಳ ಲಗ್ನ ಕೂಡಿ ಬಾರದಿರುವುದು, ಇವು ನಮ್ಮ ಮುಂದೆ ಬರುವ ಸಾಮಾನ್ಯ ಸಂಗತಿಗಳು. ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಮತ್ತೊಂದು ಸೇರಿಕೊಂಡಿದೆ. ಕಳೆದ ಶ್ರಾವಣದಲ್ಲಿ ಹುಬ್ಬಳ್ಳಿಯ ಒಬ್ಬ ತಾಯಿ ಏಳು ವರುಷದ ಮಗನನ್ನು ನಮ್ಮ ಮುಂದೆ ನಿಲ್ಲಿಸಿ, “ಅಜ್ಜಾರ, ಇಂವಾ ಕಾಯಿಪಲ್ಯೆ ಮುಟ್ಟಂಗಿಲ್ಲರಿ. ಬರೇ ಅನ್ನಾ ಮೊಸರು, ಇಲ್ಲಾಂದ್ರ ಅಂಗಡ್ಯಾಗಿನ ಪಾಕೀಟು. ನೀವರ ಒಂದು ಮಾತು ಹೇಳ್ರಿ, ನಿಮ್ಮ ಮಾತು ಮೀರಂಗಿಲ್ಲಂವಾ” ಎಂದರು. ಬಾಲಕನು ತಲೆ ತಗ್ಗಿಸಿ ನಿಂತಿದ್ದನು. ಒಂದು ಮಾತು ಹೇಳುವುದು ನಮಗೇನೂ ಕಷ್ಟವಿರಲಿಲ್ಲ. ಆದರೂ ನಾವು ಆ ಮಾತನ್ನು ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದನ್ನು ಭಕ್ತರ ಮುಂದೆ, ವಿಶೇಷವಾಗಿ ನಮ್ಮ ಪ್ರಸಾದನಿಲಯಗಳಲ್ಲಿ ಉಂಡು ಬೆಳೆದು ಇಂದು ತಾವೇ ತಂದೆ ತಾಯಿಗಳಾಗಿರುವ ಹಳೆಯ ವಿದ್ಯಾರ್ಥಿಗಳ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಇದು ನಕ್ಕು ಬಿಡತಕ್ಕ ವಿಷಯವಲ್ಲ. ಎರಡರಿಂದ ಐದು ವರುಷದ ಮಗುವಿಗೆ ದಿನಕ್ಕೆ ಕನಿಷ್ಠ 250 ಗ್ರಾಂ, ಆರರಿಂದ ಒಂಬತ್ತರ ಮಗುವಿಗೆ 350 ಗ್ರಾಂ, ಹತ್ತು ದಾಟಿದವರಿಗೆ 400 ಗ್ರಾಂ ಹಣ್ಣು ಕಾಯಿಪಲ್ಯೆಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಐದರೊಳಗಿನ ಮಕ್ಕಳ ಪೈಕಿ ನೂರಕ್ಕೆ 67 ಮಂದಿ ರಕ್ತಹೀನರು. ಇದಕ್ಕೆ ಕಾರಣಗಳು ಹಲವು. ತಟ್ಟೆಯಲ್ಲಿ ಸೊಪ್ಪು, ಕಾಳು ಕಡಿಮೆಯಾದದ್ದು ಅವುಗಳಲ್ಲೊಂದು. ಸರಕಾರವೂ ಸುಮ್ಮನೆ ಕುಳಿತಿಲ್ಲ. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮುಂದೆ ನಾಡಿಗೆಲ್ಲ ಹರಡಿದ ಬಿಸಿಯೂಟಕ್ಕೆ “ಅಕ್ಷರ ದಾಸೋಹ”ವೆಂಬ ಶರಣರ ಮಾತನ್ನೇ ಹೆಸರಾಗಿ ಇಟ್ಟರು. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ಕಾಯಿಪಲ್ಯೆ ಎಂದು ಅಲ್ಲಿ ಲೆಕ್ಕವೂ ಉಂಟು. ಆದರೆ ಆಜ್ಞೆಯು ಕಾಯಿಪಲ್ಯೆಯನ್ನು ತಟ್ಟೆಯವರೆಗೆ ಮಾತ್ರ ತರಬಲ್ಲುದು. ತಟ್ಟೆಯಿಂದ ಬಾಯಿಗೆ ಇರುವ ಗೇಣುದ್ದದ ದಾರಿಯಲ್ಲಿ ಯಾವ ಸರಕಾರದ ಆಜ್ಞೆಯೂ ನಡೆಯದು.

ಹಾಗಾದರೆ ಪ್ರಶ್ನೆ ಇದು: ಒಳಿತನ್ನು ಬಲವಂತದಿಂದ ಉಣಿಸಬಹುದೇ?

ಬಲ್ಲವರು ಒಡನೆಯೇ ಹೇಳುವರು: ಮಗುವಿಗೆ ಹಿತಾಹಿತಗಳ ಅರಿವಿಲ್ಲ, ಆದುದರಿಂದ ಹಿರಿಯರು ನಿರ್ಧರಿಸಬೇಕು. ವ್ಯಕ್ತಿಸ್ವಾತಂತ್ರ್ಯವನ್ನು ಅಷ್ಟೊಂದು ಎತ್ತಿ ಹಿಡಿದ ಆಂಗ್ಲ ತತ್ತ್ವಜ್ಞಾನಿ ಮಿಲ್ ಕೂಡ 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ತನ್ನ ಸಿದ್ಧಾಂತವು ಮಕ್ಕಳಿಗೆ ಅನ್ವಯಿಸದೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಇದರಲ್ಲಿ ಸತ್ಯಾಂಶವಿದೆ. ಬಾವಿಯ ಕಟ್ಟೆ ಹತ್ತುವ ಕೂಸನ್ನು ನಾವು ಕೇಳಿ ಇಳಿಸುವುದಿಲ್ಲ. ಆದರೆ ಬಾವಿಯಿಂದ ದೂರ ಎಳೆಯುವುದು ಬೇರೆ, ಒಂದನ್ನು ಇಷ್ಟಪಡುವಂತೆ ಮಾಡುವುದು ಬೇರೆ. ಮೊದಲನೆಯದಕ್ಕೆ ತೋಳ್ಬಲ ಸಾಕು. ಎರಡನೆಯದಕ್ಕೆ ತೋಳ್ಬಲದಿಂದ ಪ್ರಯೋಜನವಿಲ್ಲ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಅಭಿಪ್ರಾಯದಲ್ಲಿ, ಯಾವುದರಲ್ಲಿ ಸಂತೋಷಪಡಬೇಕೋ ಅದರಲ್ಲಿ ಎಳವೆಯಿಂದಲೇ ಸಂತೋಷಪಡಲು ಕಲಿಸುವುದೇ ನಿಜವಾದ ಶಿಕ್ಷಣ. ಅಂದ ಮೇಲೆ ಮಗುವಿನ ಹೊಟ್ಟೆಗೆ ಹಾಗಲಕಾಯಿ ಹೋಯಿತೆಂದರೆ ಕೆಲಸ ಮುಗಿಯಲಿಲ್ಲ. ಅದರ ಜೊತೆಗೆ ಮನಸ್ಸಿಗೆ ಏನು ಹೋಯಿತೆಂಬುದನ್ನೂ ನೋಡಬೇಕು.

ಇದನ್ನು ನಾವು ಗ್ರಂಥಗಳಿಂದ ಕಲಿಯಲಿಲ್ಲ. ನಮ್ಮ ತಪ್ಪಿನಿಂದ ಕಲಿತೆವು. ಮೂವತ್ತು ವರುಷಗಳ ಹಿಂದೆ, ವಿಶ್ವವಿದ್ಯಾಲಯದ ಪದವಿಯನ್ನು ಪಡೆದು ಬಂದ ಹೊಸತರಲ್ಲಿ, ಒಂದು ಪ್ರಸಾದನಿಲಯದ ಮೇಲ್ವಿಚಾರಣೆ ನಮ್ಮ ಪಾಲಿಗೆ ಬಂದಿತ್ತು. ಪ್ರಸಾದವನ್ನು ಚೆಲ್ಲಕೂಡದು, ತಳಿಗೆಯನ್ನು ತೊಳೆದು ಕುಡಿಯಬೇಕು ಎಂಬ ಸಂಪ್ರದಾಯದಲ್ಲಿ ಬೆಳೆದವರು ನಾವು. ಒಂಬತ್ತು ವರುಷದ ಒಬ್ಬ ಹುಡುಗ ಹಾಗಲಕಾಯಿ ಪಲ್ಯೆಯನ್ನು ತಳಿಗೆಯ ಅಂಚಿಗೆ ಸರಿಸಿ ಏಳಲು ಹೊರಟಾಗ ನಾವು ಅವನನ್ನು ತಡೆದು ಕುಳ್ಳಿರಿಸಿದೆವು. ಪಂಕ್ತಿಯವರೆಲ್ಲ ಎದ್ದು ಹೋದರು. ಅವನೊಬ್ಬನೇ ಉಳಿದನು. ಬಹು ಹೊತ್ತಿನ ಮೇಲೆ ತಳಿಗೆ ಬರಿದಾಯಿತು, ನಮಗೆ ಸಂತೋಷವಾಯಿತು. ಮುಂದೆಯೂ ಕೆಲವು ತಿಂಗಳು, “ಉಂಡೆಯಾ?” ಎಂದು ನಾವು ಕೇಳುವುದು, “ಉಂಡೀನ್ರಿ” ಎಂದು ಅವನು ಹೇಳುವುದು ನಡೆಯಿತು. ಒಂದು ದಿನ ಕಸಗುಡಿಸುವಾತನು ಕಿಟಕಿಯ ಹಿಂದಿನಿಂದ ಕಾಗದದ ಪೊಟ್ಟಣಗಳನ್ನು ಬಳಿದು ತಂದು ತೋರಿಸಿದನು. ಅವುಗಳಲ್ಲಿ ಒಣಗಿ ಹೋದ ಪಲ್ಯೆಯಿತ್ತು. ಹುಡುಗನು ಅದನ್ನು ಚಡ್ಡಿಯ ಕಿಸೆಯಲ್ಲಿ ಅಡಗಿಸಿ ಒಯ್ಯುತ್ತಿದ್ದನು. ನಾವು ಅವನನ್ನು ದಂಡಿಸಲಿಲ್ಲ, ನಿಜ. ಆದರೆ ಕರೆದು ಮಾತನಾಡಿಸಲೂ ಇಲ್ಲ. ಬೇಸಿಗೆಯ ರಜೆಗೆ ಊರಿಗೆ ಹೋದವನು ಮರಳಿ ಬರಲಿಲ್ಲ.

ನಾವು ಅವನಿಗೆ ಕಲಿಸಿದ್ದೇನು? ಕಹಿಯೆಂದರೆ ಶಿಕ್ಷೆ, ಪಂಕ್ತಿಯೆಂದರೆ ಭಯ, ಸುಳ್ಳೆಂದರೆ ಆಸರೆ. ಪ್ರಸಾದವನ್ನು ಕಾಪಾಡಲು ಹೋಗಿ ಪ್ರಸಾದದ ಮುಂದೆಯೇ ಒಂದು ಮಗು ಸುಳ್ಳಾಡುವಂತೆ ಮಾಡಿದೆವು. ಪಲ್ಯೆಯಂತೂ ಅವನ ಹೊಟ್ಟೆ ಸೇರಲೇ ಇಲ್ಲ.

ಆ ಹುಡುಗ ಹಟಮಾರಿಯೇ? ಅಂದು ಹಾಗೆಂದು ತಿಳಿದಿದ್ದೆವು. ಇಂದಿನ ಶಾಸ್ತ್ರವು ಬೇರೆ ಹೇಳುತ್ತದೆ. ಹುಟ್ಟಿದ ಕೂಸು ಸಿಹಿಗೆ ತುಟಿ ಚಪ್ಪರಿಸುತ್ತದೆ, ಕಹಿಗೆ ಮುಖ ಕಿವುಚುತ್ತದೆ. ಅನೇಕ ಸಸ್ಯವಿಷಗಳು ಕಹಿಯಾಗಿರುವುದರಿಂದ ಈ ಎಚ್ಚರವು ಪ್ರಕೃತಿಯೇ ಇಟ್ಟ ಕಾವಲು. ಎರಡು ವರುಷದಿಂದ ಐದಾರರವರೆಗೆ ಮಕ್ಕಳು ಕಾಣದ ತಿನಿಸನ್ನು ಶಂಕಿಸುವುದು ಸಹಜ. ಆದರೆ ಈ ಕಾವಲು ಪಳಗಬಲ್ಲುದು. ಗರ್ಭಿಣಿಯರೋ ಬಾಣಂತಿಯರೋ ಗಜ್ಜರಿಯ ರಸವನ್ನು ಕುಡಿದಿದ್ದರೆ ಅವರ ಕೂಸುಗಳು ಗಜ್ಜರಿಯ ರುಚಿಯ ಆಹಾರವನ್ನು ಹೆಚ್ಚು ಸುಲಭವಾಗಿ ಒಪ್ಪುತ್ತವೆಂದು ಅಮೇರಿಕೆಯ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಬಸಿರಿ ಬಾಣಂತಿಗೆ ಸೊಪ್ಪು ಸದೆ ಉಣಿಸುತ್ತಿದ್ದ ನಮ್ಮ ಹಳ್ಳಿಯ ಅಜ್ಜಿಯರು ತಿಳಿಯದೆಯೇ ಮೊಮ್ಮಗುವಿನ ನಾಲಗೆಗೆ ಪಾಠ ಆರಂಭಿಸಿದ್ದರು.

ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ಕ್ಲಾರಾ ಡೇವಿಸ್ ಎಂಬ ಅಮೇರಿಕೆಯ ಮಕ್ಕಳ ವೈದ್ಯೆ 1920ರ ದಶಕದಲ್ಲಿ ಮೊದಲು ಮಾಡಿ, ಆಗತಾನೆ ಮೊಲೆಹಾಲು ಬಿಟ್ಟ 15 ಶಿಶುಗಳ ಮುಂದೆ ಹಣ್ಣು, ಕಾಯಿಪಲ್ಯೆ, ಧಾನ್ಯ, ಹಾಲು, ಮಾಂಸ ಮೊದಲಾದ ಮೂವತ್ತಕ್ಕೂ ಹೆಚ್ಚು ಬಗೆಗಳನ್ನು ಸರದಿಯಂತೆ ಇರಿಸಿದಳು. ದಾದಿಯರು ಒತ್ತಾಯಿಸಕೂಡದು, ಹೊಗಳಕೂಡದು, ತಡೆಯಲೂಕೂಡದು. ಒಂದು ಮಗುವಿನ ಆಯ್ಕೆಯಂತೆ ಮತ್ತೊಂದರದು ಇರಲಿಲ್ಲ. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದವು. ಇದರಿಂದ, ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಸಾಕೆಂದು ಹಲವರು ತಿಳಿದರು. ಡೇವಿಸಳೇ 1939ರಲ್ಲಿ ಅದನ್ನು ತಿದ್ದಿದಳು: ಗುಟ್ಟು ಇದ್ದದ್ದು ಮುಂದಿಟ್ಟ ಆಹಾರಗಳ ಪಟ್ಟಿಯಲ್ಲಿ. ಅಲ್ಲಿ ಸಕ್ಕರೆಯಿರಲಿಲ್ಲ, ಡಬ್ಬಿಯ ತಿನಿಸಿರಲಿಲ್ಲ. ಏನನ್ನು ಇಡಬೇಕೆಂಬುದನ್ನು ಹಿರಿಯರು ನಿರ್ಧರಿಸಿದ್ದರು. ಯಾವುದನ್ನು, ಎಷ್ಟು ಉಣ್ಣಬೇಕೆಂಬುದನ್ನು ಮಗು ನಿರ್ಧರಿಸಿತು.

ಬಲವಂತದ ತಮ್ಮನೊಬ್ಬನಿದ್ದಾನೆ. ಅವನ ಹೆಸರು ಆಮಿಷ. “ಪಲ್ಯೆ ತಿಂದರೆ ಪೇಡೆ ಕೊಡ್ತೀನಿ” ಎಂಬ ಮಾತು ನಮ್ಮ ಧಾರವಾಡದ ಯಾವ ಮನೆಯಲ್ಲಿ ಕೇಳಿ ಬಂದಿಲ್ಲ? ಲೀಯಾನ್ ಬರ್ಚ್ ಎಂಬ ಮನಶ್ಶಾಸ್ತ್ರಜ್ಞೆಯು 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಬಹುಮಾನದ ಆಸೆ ತೋರಿಸಿ ಕೊಟ್ಟ ಪಾನೀಯದ ಮೇಲೆ ಮಕ್ಕಳಿಗಿದ್ದ ಪ್ರೀತಿಯು ಮೊದಲಿಗಿಂತ ಕುಗ್ಗಿತು. ಕಾರಣ ಸರಳವಾಗಿದೆ. ಲಂಚ ಕೊಟ್ಟು ಮಾಡಿಸಬೇಕಾದದ್ದು ಒಳ್ಳೆಯದಿರಲಾರದೆಂದು ಮಗು ಊಹಿಸುತ್ತದೆ. ಒತ್ತಾಯವಿಲ್ಲದೆ ಒಂದೇ ತಿನಿಸನ್ನು ಹತ್ತು ಹದಿನೈದು ಸಲ ಸ್ವಲ್ಪ ಸ್ವಲ್ಪವಾಗಿ ರುಚಿ ನೋಡಿದ ಮಕ್ಕಳು ಅದನ್ನು ಒಪ್ಪತೊಡಗಿದ್ದನ್ನೂ ಇಂತಹ ಅಧ್ಯಯನಗಳು ಕಂಡಿವೆ. ನಾವಾದರೋ ಮೂರನೆಯ ಸಲಕ್ಕೇ “ನಮ್ಮ ಮಗನಿಗೆ ಅದು ಸೇರೋದಿಲ್ಲ” ಎಂದು ತೀರ್ಪು ಕೊಡುತ್ತೇವೆ.

ಇಲ್ಲಿ ನಮ್ಮ ಷಟ್‌ಸ್ಥಲ ಸಿದ್ಧಾಂತದ ಒಂದು ಸೂಕ್ಷ್ಮವನ್ನು ನೆನೆಯಬೇಕು. ನಾಸಿಕದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ಹೀಗೆ ಒಂದೊಂದು ಇಂದ್ರಿಯಕ್ಕೆ ಒಂದೊಂದು ಲಿಂಗವನ್ನು ಹೇಳಿ, ರುಚಿಯನ್ನು ಗುರುಲಿಂಗಕ್ಕೆ ಅರ್ಪಿಸತಕ್ಕದ್ದೆಂದು ವಿಧಿಸಿದ್ದಾರೆ. ನಾಲಗೆಯ ಮೇಲೆ ಗುರುವನ್ನೇ ಏಕೆ ಕುಳ್ಳಿರಿಸಿದರು? ನಮಗೆ ತೋರುವ ಅರ್ಥವಿಷ್ಟು: ರುಚಿಯು ಕಲಿಯತಕ್ಕದ್ದು, ಆದುದರಿಂದ ಅದಕ್ಕೆ ಗುರು ಬೇಕು. ಗುರುವು ಕೈಹಿಡಿದು ನಡೆಸುವನೇ ಹೊರತು ಕುತ್ತಿಗೆ ಹಿಡಿದು ನೂಕುವವನಲ್ಲ. ಪದಾರ್ಥವು ಪ್ರಸಾದವಾಗುವುದು ಅರ್ಪಣೆಯಿಂದ, ಅರ್ಪಣೆಯಾಗುವುದು ಒಪ್ಪಿಗೆಯಿಂದ. ಭಯದಿಂದ ನುಂಗಿದ ತುತ್ತಿಗೆ ಆ ಒಪ್ಪಿಗೆಯೆಲ್ಲಿ?

ಇದಕ್ಕೆ ಒಂದು ಆಕ್ಷೇಪವುಂಟು: “ಹಾಗಾದರೆ ತಳಿಗೆಯಲ್ಲಿ ಬಿಟ್ಟ ಅನ್ನವನ್ನು ಚೆಲ್ಲೋಣವೇ? ಹಸಿದವರ ನಾಡಿನಲ್ಲಿ ಇದು ಪಾಪವಲ್ಲವೇ?” ಆಕ್ಷೇಪವು ಘನವಾದದ್ದು. ಆದರೆ ಪ್ರಸಾದವನ್ನು ಚೆಲ್ಲಬಾರದೆಂಬ ನಿಯಮವು ಉಣ್ಣುವವನ ಕೈಯಿಂದಲ್ಲ, ನೀಡುವವನ ಸೌಟಿನಿಂದ ಆರಂಭವಾಗಬೇಕು. ಒಳ್ಳೆಯ ಪಂಕ್ತಿಯಲ್ಲಿ ನೀಡುವವನು ಕೇಳಿ ನೀಡುತ್ತಾನೆ, ಮೊದಲು ಸ್ವಲ್ಪ ನೀಡುತ್ತಾನೆ, ಮತ್ತೆ ಮತ್ತೆ ಬರುತ್ತಾನೆ. ಮಗುವಿನ ತಟ್ಟೆಗೆ ಬೊಗಸೆ ಪಲ್ಯೆ ಸುರಿದು ಅದನ್ನು ಮುಗಿಸೆಂದು ಗದರುವ ತಾಯಿ, ತನ್ನ ಸೌಟಿನ ತಪ್ಪಿಗೆ ಮಗುವಿನ ನಾಲಗೆಯನ್ನು ದಂಡಿಸುತ್ತಾಳೆ. ಒಂದು ಚಿಟಿಕೆ ನೀಡಿರಿ. ಉಳಿದರೆ ಚಿಟಿಕೆಯಷ್ಟೇ ಉಳಿದೀತು, ಅದನ್ನು ನೀವು ಉಣ್ಣಬಹುದು. ಅಂದು ನಾವು ಆ ಹುಡುಗನಿಗೆ ನೀಡುವ ಮುನ್ನ, “ಎಷ್ಟು ನೀಡಲಿ?” ಎಂದು ಒಮ್ಮೆಯಾದರೂ ಕೇಳಿದ್ದರೆ!

ಹಾಗೆಂದು ಎದುರು ದಿಕ್ಕಿನ ದೋಷಕ್ಕೆ ಬೀಳಬೇಡಿರಿ. “ಬೇಡಾದ್ರ ಬಿಡು” ಎಂದು ಪಲ್ಯೆಯನ್ನು ಎತ್ತಿಟ್ಟು ಅಂಗಡಿಯ ಪಾಕೀಟಿಗೆ ಕಾಸು ಕೊಡುವುದು ಪ್ರೀತಿಯಂತೆ ಕಂಡರೂ ಅದು ಕರ್ತವ್ಯದಿಂದ ನುಣುಚಿಕೊಳ್ಳುವುದೇ ಸರಿ. ಆಯ್ಕೆ ಮಗುವಿನದಾದರೂ ಪಟ್ಟಿ ನಿಮ್ಮದು.

ನಮ್ಮ ಸೀಮೆಯಲ್ಲಿ ಈ ಪಟ್ಟಿಗೆ ಬಡತನವಿಲ್ಲ. ಜೋಳದ ರೊಟ್ಟಿಯ ಜೊತೆಗೆ ಮೆಂತ್ಯೆಯ ಪಚಡಿ, ಹಸಿ ಉಳ್ಳಾಗಡ್ಡಿ, ಎಳೆ ಸೌತೆಕಾಯಿ, ಮೂಲಂಗಿ, ಗಜ್ಜರಿ, ಹೊಲದ ಬದುವಿನ ಹತ್ತರಕಿ, ಪುಂಡಿಪಲ್ಯೆ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಗುರೆಳ್ಳಿನ ಹಿಂಡಿ. ಹಸಿಯದೂ ಉಂಟು, ಬೇಯಿಸಿದ್ದೂ ಉಂಟು, ಹುಳಿಯುಂಟು, ಖಾರವುಂಟು. ಒಂದು ಬಗೆ ಒಲ್ಲದ ಮಗುವಿಗೆ ಇನ್ನೊಂದು ದೊರೆಯುತ್ತಿತ್ತು. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬಂಧುಬಳಗವೆಲ್ಲ ಸಾಲಾಗಿ ಕುಳಿತು ಉಣ್ಣುವಾಗ, ಮನೆಯಲ್ಲಿ ಮೂಗು ಮುರಿಯುವ ಮಕ್ಕಳೂ ಪಲ್ಯೆಗೆ ಕೈಯೊಡ್ಡುವುದನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಪಲ್ಯೆ ಮನೆಯದೇ, ಸಂಗ ಮಾತ್ರ ಬೇರೆ. ಅಲ್ಲಿ ಅಪ್ಪನೂ ಅದನ್ನೇ ಉಣ್ಣುತ್ತಾನೆ, ಕಾಕಾನೂ ಅದನ್ನೇ ಉಣ್ಣುತ್ತಾನೆ, ಯಾರೂ ಮಗುವಿನ ತಟ್ಟೆಯನ್ನು ಇಣುಕುವುದಿಲ್ಲ. ಇಂದು ಎಷ್ಟೋ ಮನೆಗಳಲ್ಲಿ ಮಗು ಒಬ್ಬನೇ ಮೊಬೈಲಿನ ಮುಂದೆ ಕುಳಿತು ಉಣ್ಣುತ್ತಾನೆ, ತಂದೆ ರಾತ್ರಿ ಹತ್ತಕ್ಕೆ ಬಂದು ಉಣ್ಣುತ್ತಾನೆ. ರುಚಿಯ ಗುರುವೇ ಪಾಠಕ್ಕೆ ಗೈರುಹಾಜರಾದರೆ ಶಿಷ್ಯನನ್ನು ದೂರಿ ಫಲವೇನು?

ಆ ಶ್ರಾವಣದ ದಿನ ನಾವು ತಾಯಿಯನ್ನು ಒಂದೇ ಪ್ರಶ್ನೆ ಕೇಳಿದೆವು: “ಇವನ ಅಪ್ಪ ಕಾಯಿಪಲ್ಯೆ ಉಣ್ಣುವನೇನವ್ವಾ?” ಆಕೆ ನಕ್ಕು ಸುಮ್ಮನಾದರು. ಒಂದು ತಿಂಗಳು ಎಲ್ಲರೂ ಕೂಡಿ ಉಣ್ಣಿರಿ, ಎಲ್ಲರ ತಟ್ಟೆಗೂ ಪಲ್ಯೆಯಿರಲಿ, ಮಗನ ತಟ್ಟೆಗೆ ಚಿಟಿಕೆ ಮಾತ್ರ, ಉಂಡರೂ ಉಣ್ಣದಿದ್ದರೂ ಮಾತು ಬೇಡ ಎಂದು ಹೇಳಿದೆವು. ಹುಡುಗನಿಗೆ ಉಪದೇಶ ಮಾಡಲಿಲ್ಲ. ಅಂದಿನ ದಾಸೋಹದಲ್ಲಿ ಗಜ್ಜರಿಯ ಪಚಡಿಯ ಪಾತ್ರೆಯನ್ನು ಅವನ ಕೈಗೆ ಕೊಟ್ಟು, ಕೇಳಿ ಕೇಳಿ ನೀಡೆಂದೆವು. “ಎಷ್ಟು ನೀಡ್ಲ್ರಿ?” ಎನ್ನುತ್ತ ಅವನು ಪಂಕ್ತಿಯುದ್ದಕ್ಕೂ ಓಡಾಡಿದನು. ಆಮೇಲೆ ತಾನೂ ಉಣ್ಣಲು ಕುಳಿತನು. ಅವನ ತಳಿಗೆಯನ್ನು ನಾವು ನೋಡಲಿಲ್ಲ.

ದೀಪಾವಳಿಯ ಮರುದಿನ ತಾಯಿ ಬಂದಿದ್ದರು. ಗಜ್ಜರಿ, ಸೌತೆಕಾಯಿ ತಿನ್ನುತ್ತಾನಂತೆ. ಮೆಂತ್ಯೆಯನ್ನು ಮೂಸಿ ನೋಡುತ್ತಾನಂತೆ. ಹಾಗಲಕಾಯಿ ಇನ್ನೂ ದೂರ. ಇರಲಿ. ನಮಗೂ ಎಳವೆಯಲ್ಲಿ ಹಾಗಲಕಾಯಿ ಸೇರುತ್ತಿರಲಿಲ್ಲ. ಅದನ್ನು ಮರೆತು ಅಂದು ಆ ಒಂಬತ್ತು ವರುಷದ ಹುಡುಗನನ್ನು ತಡೆದು ಕುಳ್ಳಿರಿಸಿದೆವು. ಅವನು ಇಂದು ಎಲ್ಲಿಯೇ ಇರಲಿ, ಈ ಸಾಲುಗಳು ಅವನ ಕಣ್ಣಿಗೆ ಬಿದ್ದರೆ, ತಪ್ಪು ನಮ್ಮದೆಂದು ತಿಳಿಯಲಿ. ನಿಮ್ಮ ಮನೆಗಳಲ್ಲಿ ಪಂಕ್ತಿಯು ಮತ್ತೆ ಕೂಡಲಿ, ಸೌಟು ಕೇಳಿ ನೀಡಲಿ, ಮಕ್ಕಳು ಅಂಜದೆ ಉಣ್ಣಲಿ ಎಂದು ಹಾರೈಸುತ್ತೇವೆ.