ಪೆಟ್ಟಿಗೆ ಇಲ್ಲ ಅನ್ನುತ್ತದೆಯೇ?



ಬಂಧುಗಳೇ, ನಮ್ಮ ಹಾಡಿನ ತಂಡಕ್ಕೆ ಒಂದು ಡ್ರಮ್ ಮಷೀನ್ ಕೊಳ್ಳಲು ಆರು ತಿಂಗಳಿಂದ ದುಡ್ಡು ಕೂಡಿಡುತ್ತಿದ್ದೆ. ಕೋಣೆಯಲ್ಲಿರುವುದು ಒಂದೇ ಮೇಜು. ಆದರೂ ರಾತ್ರಿಯೆಲ್ಲ ಯೂಟ್ಯೂಬ್ ನೋಡಿ ಪಟ್ಟಿ ಎಂಟು ಯಂತ್ರಕ್ಕೆ ಬೆಳೆಯಿತು. ತಣ್ಹಾ ಎಂದರೇನು ಅಂತ ಭಾನುವಾರ ಎಲ್ಲರಿಗೂ ವಿವರಿಸುವವನು ನಾನೇ!

ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳ ರೆಕಾರ್ಡ್ ಒಂದನ್ನು ತಂದರು. ಅವರ ಮುಂದಿದ್ದದ್ದು ರೋಲ್ಯಾಂಡ್ ಕಂಪನಿಯ ಮೂರು ಯಂತ್ರ: ಜೂಪಿಟರ್-8 ಸಿಂಥಸೈಜರ್, ಬೇಸ್‌ಗೆ ಟಿಬಿ-303, ತಾಳಕ್ಕೆ ಟಿಆರ್-808. ಆಗ ಕೊಂಡವರು ಕಡಿಮೆ. 2010ರಲ್ಲಿ ಮತ್ತೆ ಹೊರಬಂದಾಗ ಹೊರದೇಶದವರೂ ಬೆರಗಾಗಿ ಕೇಳಿದರು. ಇದು ತಿಳಿದ ಮೇಲೆ ನನ್ನ ಪಟ್ಟಿ ಎರಡಕ್ಕೆ ಇಳಿಯಿತು. ಕೋರ್ಗ್ ವೋಲ್ಕಾ ಬೀಟ್ಸ್, ಇಲ್ಲವೇ ರೋಲ್ಯಾಂಡ್ ಎಸ್‌ಪಿ-404 ಎಂಕೆ2. ಎರಡೂ ಆರು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತವೆ, ಕರೆಂಟ್ ಹೋದರೂ ತಾಲೀಮು ನಿಲ್ಲುವುದಿಲ್ಲ. ವೋಲ್ಕಾ ಅಗ್ಗ, ಚಿಕ್ಕದು. ಅದರ ಕಿಕ್, ಸ್ನೇರ್ ಅದರದೇ ಸರ್ಕ್ಯೂಟಿನಲ್ಲಿ ಹುಟ್ಟುವ ದನಿ. 404 ಸ್ಯಾಂಪ್ಲರ್. ನಾವು ರೆಕಾರ್ಡ್ ಮಾಡಿ ತುಂಬಿದ್ದನ್ನು ಗುಂಡಿ ಒತ್ತಿದಾಗ ನುಡಿಸುತ್ತದೆ.

ಮನಸ್ಸು 404 ಕಡೆಗೆ ಎಳೆಯಿತು. ಅಪ್ಪನ ತಮಟೆಯನ್ನೇ ತುಂಬಬಹುದಲ್ಲ! ಅಪ್ಪ ದೀಕ್ಷೆ ತೆಗೆದುಕೊಂಡ ವರ್ಷವೇ ತಮಟೆ ಕೆಳಗಿಟ್ಟವರು. ಊರವರ ಹೆಣದ ಮುಂದೆ, ತೇರಿನ ಮುಂದೆ ಬಿಟ್ಟಿ ಬಡಿದ ಕೈ ಅದು. ಹೋಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

"ನಾನು ಬಿಟ್ಟಿದ್ದು ತಮಟೇನಲ್ಲ ಕಣಪ್ಪ, ಕರೆದಾಗೆಲ್ಲ ಹೋಗೋದನ್ನ. ನಿನ್ ಪೆಟ್ಟಿಗೇಲಿ ಯಾರು ಗುಂಡಿ ಒತ್ತಿದ್ರೂ ನಾನು ಬಡೀಬೇಕಲ್ಲ?"

ಉತ್ತರ ಹೊಳೆಯಲಿಲ್ಲ. 808ರ ಕಿಕ್ಕನ್ನು ಯಾರೂ ಬಿಟ್ಟಿ ಬಡಿದಿಲ್ಲ, ಅದಕ್ಕೆ ಜಾತಿಯಿಲ್ಲ. ಬೆಂಕಿಗೆ ಕಾಯಿಸಿ ಬಡಿದ ಅಪ್ಪನ ಪೆಟ್ಟು ಹಾಗಲ್ಲ. ಒಮ್ಮೆ ಸ್ಯಾಂಪಲ್ ಆಯಿತೆಂದರೆ ಅದು ಮತ್ತೆ ಯಾರಿಗೂ ಇಲ್ಲ ಅನ್ನಲಾರದು. ಬಾಬಾಸಾಹೇಬರಿಂದ ನಮಗೆ ಬಂದದ್ದರಲ್ಲಿ ಇಲ್ಲ ಅನ್ನುವ ಧೈರ್ಯವೇ ದೊಡ್ಡದು ಅಂತ ನಾನು ತಿಳಿದವನು. ಹಾಗಂತ ಆ ತಾಳ ಅಪ್ಪನೊಂದಿಗೇ ಮುಗಿಯಲಿ ಎನ್ನಲೂ ನನ್ನಿಂದ ಆಗದು. ಅದು ನನ್ನ ಆಸೆಯೋ, ಉಳಿಸಬೇಕೆಂಬ ಕಾಳಜಿಯೋ, ಇನ್ನೂ ಬಿಡಿಸಲಾಗಿಲ್ಲ.

ಸದ್ಯಕ್ಕೆ ವೋಲ್ಕಾ ತಂದಿದ್ದೇನೆ. ಉಳಿದ ದುಡ್ಡು ಹಾಗೇ ಇದೆ. ಮೊನ್ನೆ ತಾಲೀಮಿಗೆ ಅಪ್ಪ ಬಂದು ಮೂಲೆಯಲ್ಲಿ ಕೂತರು. ಮಷೀನಿನ ತಾಳಕ್ಕೆ ಮೊಣಕಾಲ ಮೇಲೆ ಬೆರಳಾಡಿಸುತ್ತಾ, "ಆ ನಾಲ್ಕನೇ ಪೆಟ್ಟು ಜಾಸ್ತಿ ಆಯ್ತು, ತೆಗಿ" ಅಂದರು.

ತೆಗೆದೆ.

ಭವತು ಸಬ್ಬ ಮಂಗಲಂ.