ನಾಳೆಯ ಅಕ್ಕಿ

ಕಾಲೇಜು ಹುಡುಗರು ಓದುತ್ತಿಲ್ಲ ಎಂದರೆ ಅದಕ್ಕೆ ಸೋಮಾರಿತನವೇ ಕಾರಣ ಎಂದು ಮನೆಯವರೂ ಮೇಷ್ಟ್ರೂ ಒಟ್ಟಿಗೆ ತೀರ್ಪು ಕೊಟ್ಟುಬಿಡುತ್ತಾರೆ. ಹಾಸ್ಟೆಲ್ ಕೋಣೆಗಳ ಗೋಡೆಗೆ ಅಂಟಿಸಿದ ವೇಳಾಪಟ್ಟಿಗಳನ್ನು ನಿಂತು ಓದಿದರೆ ಬೇರೆಯೇ ಕಾಯಿಲೆ ಕಾಣುತ್ತದೆ. ನಸುಕಿನ ನಾಲ್ಕೂವರೆಗೆ ಏಳುವುದು, ಆರರವರೆಗೆ ಇಂಗ್ಲಿಷ್ ವ್ಯಾಕರಣ, ಕಾಲೇಜು ಬಿಟ್ಟೊಡನೆ ಅರ್ಥಶಾಸ್ತ್ರ, ಊಟವಾದ ಮೇಲೆ ಪಿಡಿಒ ಪರೀಕ್ಷೆಗೆಂದು ಸಾಮಾನ್ಯ ಜ್ಞಾನ, ಮಲಗುವುದು ಹನ್ನೊಂದೂವರೆಗೆ. ಬಟ್ಟೆ ಒಗೆಯುವುದಕ್ಕೆ, ಊರಿಗೆ ಹೋಗಿಬರುವುದಕ್ಕೆ, ಸುಮ್ಮನೆ ಕಟ್ಟೆಯ ಮೇಲೆ ಕೂರುವುದಕ್ಕೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಸೋಮಾರಿಯಾದವನು ಇಂಥ ಪಟ್ಟಿ ಬರೆಯುವ ಗೋಜಿಗೇ ಹೋಗುವುದಿಲ್ಲ, ಬರೆಯುವವನು ಆಸೆಬುರುಕ. ಪಟ್ಟಿ ನಾಲ್ಕು ದಿನಕ್ಕೆ ಮುರಿದುಬೀಳುತ್ತದೆ, ಆಮೇಲೆ ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಪುಸ್ತಕ ತೆರೆಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಈ ಎರಡನೆಯ ಭಾಗವಷ್ಟೇ ಕಾಣುತ್ತದೆ. ವಿದ್ಯಾರ್ಥಿಯ ಹೊತ್ತನ್ನು ತಿನ್ನುತ್ತಿರುವುದು ಆಲಸ್ಯಕ್ಕಿಂತ ಹೆಚ್ಚಾಗಿ ಆಸೆ ಎಂಬುದು ನನ್ನ ವಾದ. ಈ ಆಸೆಯ ಪ್ರಶ್ನೆಯನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಕೈಗೆತ್ತಿಕೊಂಡಿದ್ದರು, ಅದೂ ಗಂಡ ಹೆಂಡಿರ ಒಂದು ಜಗಳದ ರೂಪದಲ್ಲಿ.

ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಕಾಯಕದಲ್ಲಿ ತೊಡಗಿರುವಾಗ ಗುರು, ಲಿಂಗ, ಜಂಗಮರ ಹಂಗನ್ನೂ ಮರೆಯಬೇಕು ಎಂದವನು ಅವನೇ. ಅವನ ಆ ವಚನದ ‘ಕಾಯಕವೇ ಕೈಲಾಸ’ ಎಂಬ ಮಾತು ಇವತ್ತಿಗೂ ಕಚೇರಿ, ಬ್ಯಾಂಕುಗಳ ಗೋಡೆಯ ಮೇಲೆ ಮಿಂಚುತ್ತಿದೆ. ದುಡಿಸಿಕೊಳ್ಳುವವರಿಗೆ ಅದು ಬಹಳ ಅನುಕೂಲದ ಮಾತು. ಗೋಡೆಗೇರದೆ ಉಳಿದದ್ದು ಲಕ್ಕಮ್ಮನ ಪಾಲು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ಆಸೆ ನಿನಗೇಕೆ, ಒಯ್ದು ಅಲ್ಲಿಯೇ ಸುರಿದು ಬಾ ಎಂದು ಅವಳು ತಿರುಗಿ ಕಳಿಸುತ್ತಾಳೆ. ಅವನು ಕದ್ದು ತಂದಿರಲಿಲ್ಲ, ಮೈಗಳ್ಳತನವನ್ನೂ ಮಾಡಿರಲಿಲ್ಲ. ಇಂದಿನ ಕಾಯಕದಲ್ಲಿ ನಾಳೆಯ ಅಕ್ಕಿಯನ್ನೂ ಬಾಚಿಕೊಂಡಿದ್ದು ಅವನ ತಪ್ಪು. ಕಾಯಕಕ್ಕೆ ದಿನದ ಅಳತೆಯಿದೆ, ಆ ಅಳತೆ ಮೀರಿದರೆ ದುಡಿಮೆಯೂ ದೋಷವಾಗುತ್ತದೆ ಎನ್ನುವ ಈ ತಿದ್ದುಪಡಿಯಿಲ್ಲದೆ ಕಾಯಕ ತತ್ವ ಪೂರ್ತಿಯಾಗುವುದಿಲ್ಲ. ನಮ್ಮ ಸೀಮೆಯಲ್ಲೇ ಇದಕ್ಕೆ ಸಾಕ್ಷಿ ಬೇಕಿದ್ದರೆ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರವಿದೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ತುಂಗಭದ್ರೆಯ ದಂಡೆಯ ಊರದು. ಎಂಥ ಗಟ್ಟಿ ತೋಳಿನ ಅಂಬಿಗನೂ ಹತ್ತು ದಿನದ ಜನರನ್ನು ಇವತ್ತೇ ದಾಟಿಸಿ ಕೈತೊಳೆದುಕೊಳ್ಳಲಾರ. ನಾಳೆಯ ಜನ ನಾಳೆಯೇ ದಂಡೆಗೆ ಬರುತ್ತಾರೆ.

ಓದಿಗೂ ಈ ಅಳತೆ ಅನ್ವಯಿಸುತ್ತದೆಯೇ ಎಂಬುದು ಬರೀ ಭಕ್ತಿಯ ಮಾತಲ್ಲ, ಪರೀಕ್ಷಿಸಿ ನೋಡಿದ ಸಂಗತಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಲೆಕ್ಕವಿಟ್ಟು 1885ರಲ್ಲಿ ಪುಸ್ತಕ ಪ್ರಕಟಿಸಿದ. ಒಂದೇ ಸಲಕ್ಕೆ ಹಾಕಿದ ಶ್ರಮಕ್ಕಿಂತ ದಿನಗಳ ಮೇಲೆ ಹರಡಿದ ಶ್ರಮ ಹೆಚ್ಚು ಫಲ ಕೊಡುತ್ತದೆಂದು ಅವನು ಕಂಡದ್ದನ್ನು ಆಮೇಲಿನ ಪ್ರಯೋಗಗಳು ಮತ್ತೆ ಮತ್ತೆ ದೃಢಪಡಿಸಿವೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಒಂದು ಗುಂಪು ಪಾಠವನ್ನು ಮರಳಿ ಓದಿತು, ಇನ್ನೊಂದು ಗುಂಪು ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮರಳಿ ಓದಿದವರೇ ಮುಂದು. ಒಂದು ವಾರ ಕಳೆದು ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದಿಕ್ಕಿದ್ದರು. ಹಿಂದಿನ ರಾತ್ರಿ ಬಾಚಿ ಓದುವವರ ಹಟ ಏಕೆ ಕರಗುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ: ಬೆಳಗಾದರೆ ಪರೀಕ್ಷೆ, ಅಷ್ಟು ಹೊತ್ತಿಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ.

ಹಾಗಿದ್ದ ಮೇಲೆ ತಪ್ಪೇನು, ಪರೀಕ್ಷೆಯೇ ಹಾಗಿದೆ ಎಂದು ವಿದ್ಯಾರ್ಥಿ ಕೇಳಿದರೆ ಸುಲಭಕ್ಕೆ ಬಾಯಿಮುಚ್ಚಿಸಲಾಗದು. ಸೆಮಿಸ್ಟರ್ ಪರೀಕ್ಷೆಯನ್ನು ಝೆರಾಕ್ಸ್ ಅಂಗಡಿಯ ಪ್ರಶ್ನೋತ್ತರದ ಕಟ್ಟಿನಿಂದ ದಾಟಬಹುದು, ಸಾವಿರಾರು ಜನ ದಾಟುತ್ತಿದ್ದಾರೆ. ಆದರೆ ಗೋಡೆಯ ಪಟ್ಟಿಯಲ್ಲಿ ಅವನೇ ಬರೆದುಕೊಂಡ ಪಿಡಿಒ, ಎಫ್‌ಡಿಎ ಪರೀಕ್ಷೆಗಳು ಡಿಗ್ರಿ ಮುಗಿದು ಎಷ್ಟೋ ತಿಂಗಳ ಮೇಲೆ ಬರುವಂಥವು. ಅಲ್ಲಿಗೆ ಆ ರಾತ್ರಿಯ ಅಕ್ಕಿ ಉಳಿದಿರುವುದಿಲ್ಲ. ಮೊದಲ ವರ್ಷದ ಪುಸ್ತಕವನ್ನೇ ಕೋಚಿಂಗ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಮತ್ತೆ ಓದಬೇಕಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಆಸೆ ಕಡಿಮೆ ಮಾಡಿಕೋ ಎಂಬ ಉಪದೇಶವನ್ನು ಈ ನೆಲದಲ್ಲಿ ಯಾರು ಯಾರಿಗೆ ಮಾಡಿದ್ದಾರೆ ಎಂಬುದು ಗೊತ್ತಿಲ್ಲದ್ದೇನಲ್ಲ. ಧರ್ಮಶಾಸ್ತ್ರಗಳು ಪಾಡ್ಯ, ಅಷ್ಟಮಿ, ಅಮಾವಾಸ್ಯೆಗಳಂದು ವೇದಾಧ್ಯಯನ ನಿಲ್ಲಿಸಬೇಕೆಂದು ಅನಧ್ಯಾಯದ ದಿನಗಳನ್ನೇ ಗೊತ್ತುಮಾಡಿದ್ದವು. ಓದಿಗೆ ಬಿಡುವೂ ಸೇರಿದೆ ಎಂಬ ತಿಳಿವಳಿಕೆ ಅದರಲ್ಲಿದೆ, ನಿಜ. ಆದರೆ ಓದುವ ಹಕ್ಕೇ ಇಲ್ಲದವರಿಗೆ ವರ್ಷವಿಡೀ ಅನಧ್ಯಾಯವೇ ಆಗಿತ್ತು! ಅಂಥ ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದವನಿಗೆ ಅಳತೆಯಲ್ಲಿರು ಎಂದರೆ ಅದು ಹಳೆಯ ಗದರಿಕೆಯಂತೆ ಕೇಳಿಸೀತು. ಲಕ್ಕಮ್ಮನ ಅಳತೆ ಆ ಜಾತಿಯದಲ್ಲ. ಅವಳು ಮಿತಿ ಹಾಕಿದ್ದು ದಿನದ ಬಾಚುವಿಕೆಗೆ ಹೊರತು ಮನುಷ್ಯ ಮುಟ್ಟಬಹುದಾದ ಎತ್ತರಕ್ಕಲ್ಲ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತದೆದುರು ರಾಗಿಯನ್ನು ಗೆಲ್ಲಿಸಿದರು. ಅಲ್ಲಿ ರಾಗಿ ಗೆದ್ದದ್ದು ತಿಂಗಳುಗಟ್ಟಲೆ ಸೆರೆಯಲ್ಲಿದ್ದೂ ಕೆಡದೆ ಉಳಿದದ್ದರಿಂದ. ದೊಡ್ಡ ಗುರಿ ಇರಬಾರದೆಂದು ಯಾರೂ ಹೇಳುತ್ತಿಲ್ಲ. ಅದನ್ನು ಇವತ್ತೊಂದೇ ದಿನದ ಮೇಲೆ ಹೇರಬಾರದು, ಅಷ್ಟೆ.

ನೇಮ ಎಂದ ಕೂಡಲೇ ಇನ್ನೊಂದು ತೊಡಕು ಬರುತ್ತದೆ. ವ್ರತ ಒಮ್ಮೆ ಕೆಟ್ಟರೆ ಪೂರ್ತಿ ಕೆಟ್ಟಿತು ಎಂಬ ಭಾವ ನಮ್ಮ ಧಾರ್ಮಿಕ ಮನಸ್ಸಿನಲ್ಲಿ ಆಳವಾಗಿದೆ, ವೇಳಾಪಟ್ಟಿ ಹರಿದು ಬಿಸಾಡುವ ಹುಡುಗನಲ್ಲಿಯೂ ಅದೇ ಇದೆ. ಈ ವಿಷಯದಲ್ಲಿ ನಾನು ವ್ರತದ ಪಕ್ಷವಲ್ಲ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಣ್ಣ ರೂಢಿ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ವ್ಯತ್ಯಾಸ 18ರಿಂದ 254 ದಿನಗಳವರೆಗೂ ಇತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಗೀತೆಯ ಆರನೆಯ ಅಧ್ಯಾಯವೂ ಅತಿಯಾಗಿ ನಿದ್ರಿಸುವವನಿಗೆ ಮಾತ್ರವಲ್ಲ, ಎಚ್ಚರವಾಗಿಯೇ ಇರುವವನಿಗೂ ಯೋಗ ದಕ್ಕದು ಎನ್ನುತ್ತದೆ. ಕಾಲೇಜಿನಿಂದ ಬಂದು ಚಹಾ ಕುಡಿದೊಡನೆ ಅರ್ಧ ಗಂಟೆ, ಬೆಳಗ್ಗೆ ಕೇಳಿದ ಪಾಠವನ್ನು ಪುಸ್ತಕ ಮುಚ್ಚಿ ಒಂದು ಹಾಳೆಯಲ್ಲಿ ಬರೆದು, ಬಿಟ್ಟುಹೋದದ್ದನ್ನು ಆಮೇಲೆ ತೆರೆದು ನೋಡುವುದು: ಇಷ್ಟು ಸಣ್ಣದಾದರೆ ತಪ್ಪಿದ ಮರುದಿನ ಮತ್ತೆ ಹಿಡಿಯಲು ನಾಚಿಕೆಯಾಗುವುದಿಲ್ಲ.

ಆ ಅರ್ಧ ಗಂಟೆಯೂ ತನ್ನ ಕೈಯಲ್ಲಿಲ್ಲದವರ ಗತಿಯೇನು? ರಾಣೆಬೆನ್ನೂರಿನ ಸುತ್ತ ಹತ್ತಿಯ ಬೀಜೋತ್ಪಾದನೆ ನಡೆಯುವ ಹೊಲಗಳಲ್ಲಿ ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ಸವರಬೇಕು. ವಿದ್ಯಾರ್ಥಿಗೆ ಓದಲು ಸಿಗುವ ಎರಡು ಹೊತ್ತೂ ಅದಕ್ಕೇ ಹೋಗುತ್ತವೆ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರದ ಮೆಣಸಿನಕಾಯಿ ಮಾರುಕಟ್ಟೆಯ ಭರಾಟೆ ಜನವರಿಯಿಂದ ಬೇಸಿಗೆಯವರೆಗೂ ಇರುತ್ತದೆ. ತೊಟ್ಟು ಬಿಡಿಸುವ ಕೂಲಿ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ, ಅದು ಮುಗಿದರೆ ರೊಟ್ಟಿ ಬಡಿಯುವ ಕೆಲಸ ಕಾದಿರುತ್ತದೆ. ಇವರ ಮುಂದೆ ಶಿಸ್ತಿನ ಮಾತಾಡುವುದು ನಾಚಿಕೆಗೇಡು. ಆದರೆ ಇದರಿಂದ ವಾದ ಬೀಳುವುದಿಲ್ಲ, ಅದು ತಿರುಗುವ ದಿಕ್ಕು ಬದಲಾಗುತ್ತದೆ. ಮಾರಯ್ಯ ಹೆಚ್ಚು ತಂದದ್ದು ಅಂಗಳದ ಅಕ್ಕಿಯನ್ನು. ಇಲ್ಲಿ ಮಗಳ ಸಂಜೆಯನ್ನು ಪೂರ್ತಿ ಬಾಚಿಕೊಂಡು ಮಗನ ಸಂಜೆಯನ್ನು ಮುಟ್ಟದೆ ಬಿಡುವ ಮನೆ ಅವಳ ಹೊತ್ತನ್ನೇ ಅಳತೆ ಮೀರಿ ತೆಗೆದುಕೊಳ್ಳುತ್ತಿದೆ. ನಾಲ್ಕು ತಿಂಗಳು ಸುಮ್ಮನಿದ್ದು ಎಲ್ಲ ವಿಷಯದ ಅಸೈನ್‌ಮೆಂಟುಗಳನ್ನೂ ಕೊನೆಯ ವಾರಕ್ಕೆ ತಂದು ಸುರಿಯುವ ಕಾಲೇಜೂ ಅದನ್ನೇ ಮಾಡುತ್ತಿದೆ. ತಿರುಗಿ ಸುರಿದು ಬಾ ಎಂದು ಲಕ್ಕಮ್ಮ ಹೇಳಿದ್ದು ಮನೆಯ ಯಜಮಾನನಿಗೆ ಎಂಬುದನ್ನು ಈ ಇಬ್ಬರೂ ಗಮನಿಸಬೇಕು.